ದನಕರು ಮತ್ತು ಮನುಷ್ಯರ ನಂಟು: ಹಾಡು, ಪುರಾಣ, ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಿನ ಹಾಡನ್ನು ಶಾಲೆಯಲ್ಲಿ ಕಲಿತವರು, ಮಕ್ಕಳಿಗೆ ಈಗ ಕಲಿಸುತ್ತಿರುವವರು, ಊರ ಮುಂದಿನ ವೀರಗಲ್ಲನ್ನು ಕಂಡು ಇದರಲ್ಲಿ ಹಸುಗಳೇಕೆ ಎಂದು ಯೋಚಿಸಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಒಲವು ಎದ್ದು ಕಾಣುತ್ತದೆ. ದನವನ್ನು ಪೂಜಿಸಿದವರ ಕಥೆಗಳಿಗಿಂತ ಮೇಯಿಸಿದವರ ಕಥೆಗಳು ಗಟ್ಟಿ ಎಂದು ನಂಬಿದವನು ನಾನು.

ಗೋವಿನ ಹಾಡನ್ನು ಬರೆದವರು ಯಾರು?

ಕವಿಯ ಹೆಸರು ಹಾಡಿನೊಂದಿಗೆ ಉಳಿದು ಬಂದಿಲ್ಲ. ಬಾಯಿಂದ ಬಾಯಿಗೆ ಸಾಗಿದ ಹಾಡಾದ್ದರಿಂದ ಪಾಠಗಳಲ್ಲಿ ವ್ಯತ್ಯಾಸವಿದೆ. ಒಂದು ಪಾಠದಲ್ಲಿರುವ ನುಡಿ ಇನ್ನೊಂದರಲ್ಲಿ ಇರುವುದಿಲ್ಲ, ಹುಲಿಯ ಹೆಸರನ್ನೂ ಅರ್ಭುತ, ಅರ್ಬುತ, ಅದ್ಭುತ ಎಂದು ಬಗೆಬಗೆಯಾಗಿ ಹೇಳುತ್ತಾರೆ. ಪಠ್ಯಪುಸ್ತಕಗಳಲ್ಲಿ ಬರುವುದು ಬಹುಮಟ್ಟಿಗೆ ಮೊಟಕುಗೊಳಿಸಿದ ರೂಪ.

ಹುಲಿ ಸತ್ತ ಮೇಲೆ ಹಾಡು ಮುಗಿಯುತ್ತದೆಯೇ?

ಇಲ್ಲ. ಬಹಳ ಜನ ಮರೆತಿರುವ ಭಾಗ ಇದೇ. ಹುಲಿ ಪ್ರಾಣ ಬಿಟ್ಟ ಮೇಲೆ ಪುಣ್ಯಕೋಟಿ ದೊಡ್ಡಿಗೆ ಮರಳಿ ಕರುವಿಗೆ ಮೊಲೆಯುಣಿಸುತ್ತದೆ. ಆಮೇಲೆ ಗೊಲ್ಲನನ್ನು ಕರೆದು ಒಂದು ಮಾತು ಹೇಳುತ್ತದೆ: ನನ್ನ ವಂಶದ ಹಸುಗಳೂ ನಿನ್ನ ವಂಶದ ಗೊಲ್ಲರೂ ಪ್ರತಿ ಸಂಕ್ರಾಂತಿಯಲ್ಲಿ ಕೃಷ್ಣನನ್ನು ಭಜಿಸಲಿ. ಅಂದರೆ ಹಸುವಿನ ಸಂತತಿಗೂ ಗೊಲ್ಲನ ಸಂತತಿಗೂ ನಡುವೆ ಒಡಂಬಡಿಕೆಯಾಗುತ್ತದೆ, ಅದನ್ನು ಮುಂದಿಡುವುದು ಹಸು.

ಹಾಡಿನ ಮೊದಲನ್ನು ಮತ್ತೊಮ್ಮೆ ಓದಿ. ಗೊಲ್ಲ ಕಾಳಿಂಗ ಬೆಳಗಾಗ ಎದ್ದು ನದಿಯಲ್ಲಿ ಮಿಂದು, ಹಣೆಗೆ ತಿಲಕವಿಟ್ಟು, ಶಿಖೆ ಕಟ್ಟಿ, ಎಳೆಯ ಮಾವಿನ ಮರದ ಕೆಳಗೆ ಕೊಳಲೂದುತ್ತಾನೆ. ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಗಂಗೆ, ಗೌರಿ, ತುಂಗಭದ್ರೆ ಎಂದು ಕರೆದಾಗ ಅವು ಬಂದು ಹಾಲು ಸುರಿಸುತ್ತವೆ. ಹುಲಿ ಬರುವ ಮೊದಲೇ ಹಾಡು ನಮಗೆ ತಿಳಿಸುವುದು ಇದನ್ನು: ಈ ದೊಡ್ಡಿಯಲ್ಲಿ ಪ್ರತಿಯೊಂದು ಹಸುವಿಗೂ ಹೆಸರಿದೆ, ಕರೆಯುವವನ ದನಿ ಪ್ರತಿಯೊಂದಕ್ಕೂ ಗೊತ್ತು. ಪುಣ್ಯಕೋಟಿಯ ಸತ್ಯ ಈ ನೆಲದಲ್ಲಿ ಬೆಳೆದದ್ದು. ಶಾಲೆಯಲ್ಲಿ ಸತ್ಯದ ಪಾಠವನ್ನಷ್ಟೇ ಎತ್ತಿಕೊಂಡು ಗೊಲ್ಲನನ್ನು ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ.

ಇಂಥದೇ ಕಥೆ ಬೇರೆ ಕಡೆಯೂ ಇದೆಯೇ?

ಇದೆ. ಪದ್ಮಪುರಾಣದಲ್ಲಿ ನಂದಾ ಎಂಬ ಹಸು ಹುಲಿಗೆ ಮಾತು ಕೊಟ್ಟು ಕರುವನ್ನು ನೋಡಿ ಬರುತ್ತದೆ. ಅಲ್ಲಿನ ಹುಲಿ ಶಾಪಗ್ರಸ್ತನಾದ ಪ್ರಭಂಜನನೆಂಬ ಅರಸ. ಗುಜರಾತ್ ಮತ್ತು ಮಧ್ಯಪ್ರದೇಶದ ಕಡೆ ಬಹುಲಾ ಎಂಬ ಹಸುವಿನ ಕಥೆ ಹೇಳಿ ಬಹುಲಾ ಚೌತಿಯ ವ್ರತ ಮಾಡುತ್ತಾರೆ. ಆ ದಿನ ವ್ರತ ಹಿಡಿದವರು ಹಸುವಿನ ಹಾಲು ಮುಟ್ಟುವುದಿಲ್ಲ, ಅದು ಕರುವಿನ ಪಾಲು.

ಕಾಳಿದಾಸನ ರಘುವಂಶದಲ್ಲಿ ಇದು ತಿರುಗುಮುರುಗಾಗಿದೆ. ಮಕ್ಕಳಿಲ್ಲದ ದಿಲೀಪ ಮಹಾರಾಜ ವಸಿಷ್ಠರ ನಂದಿನಿಯನ್ನು ಕಾಡಿನಲ್ಲಿ ಮೇಯಿಸುತ್ತಾನೆ. ಅದು ನಿಂತರೆ ನಿಲ್ಲುತ್ತಾನೆ, ಮಲಗಿದರೆ ಕೂರುತ್ತಾನೆ, ನೀರು ಕುಡಿದ ಮೇಲೆ ತಾನು ಕುಡಿಯುತ್ತಾನೆ. ಸಿಂಹ ಹಿಡಿದಾಗ ಹಸುವಿನ ಬದಲು ತನ್ನ ಮೈಯನ್ನೇ ಒಡ್ಡುತ್ತಾನೆ. ಆದರೆ ಅದೆಲ್ಲ ನಂದಿನಿ ಒಡ್ಡಿದ ಪರೀಕ್ಷೆ ಎಂದು ಕೊನೆಗೆ ತಿಳಿಯುತ್ತದೆ. ನಮ್ಮ ಹಾಡಿನಲ್ಲಿ ಪರೀಕ್ಷೆಯೂ ಇಲ್ಲ, ಶಾಪವೂ ಇಲ್ಲ. ಹಸಿದ ಹುಲಿ ಬರೀ ಹುಲಿ. ತನ್ನ ಹಸಿವಿಗೆ ತಾನೇ ನಾಚಿ ಅದು ಸಾಯುತ್ತದೆ. ಈ ಕಾರಣಕ್ಕೆ ಕನ್ನಡದ ಕಥೆಯೇ ಹೆಚ್ಚು ಎದೆಗಾರಿಕೆಯದು ಎಂದು ನಾನು ಎಣಿಸುತ್ತೇನೆ.

ಪುರಾಣಗಳಲ್ಲಿ ಕಾಮಧೇನು, ನಂದಿ ಬಿಟ್ಟರೆ ಓದಲೇಬೇಕಾದದ್ದು ಯಾವುದು?

ಸುರಭಿಯ ಅಳು. ಮಹಾಭಾರತದ ವನಪರ್ವದಲ್ಲಿ ವ್ಯಾಸರು ಇದನ್ನು ಧೃತರಾಷ್ಟ್ರನಿಗೆ ಹೇಳುತ್ತಾರೆ. ರಾಮಾಯಣದ ಅಯೋಧ್ಯಾಕಾಂಡದಲ್ಲಿ ಭರತನ ಬಾಯಲ್ಲೂ ಬರುತ್ತದೆ. ದನಗಳ ತಾಯಿಯಾದ ಸುರಭಿ ಆಕಾಶದಲ್ಲಿ ನಿಂತು ಅಳುತ್ತಾಳೆ. ರಾಮಾಯಣದಲ್ಲಿ ಅವಳ ಕಂಬನಿ ಕೆಳಗೆ ಹೋಗುತ್ತಿದ್ದ ಇಂದ್ರನ ಮೈಮೇಲೆ ಬೀಳುತ್ತದೆ. ದೇವತೆಗಳಿಗೇನಾದರೂ ಕೇಡಾಯಿತೇ ಎಂದು ಅವನು ಗಾಬರಿಯಾಗುತ್ತಾನೆ. ಅವಳು ತೋರಿಸುವುದು ಭೂಮಿಯ ಮೇಲಿನ ಒಂದು ಹೊಲವನ್ನು. ಅಲ್ಲಿ ನೇಗಿಲಿಗೆ ಕಟ್ಟಿದ ಜೋಡಿ. ಮಹಾಭಾರತದಲ್ಲಿ ಅವುಗಳಲ್ಲಿ ಒಂದು ಬಲಿಷ್ಠ, ಭಾರ ಹೊರುತ್ತದೆ. ಇನ್ನೊಂದು ಎಲುಬು ಗೂಡಾಗಿದೆ, ಹೆಜ್ಜೆ ಎತ್ತಿಡಲಾರದು, ರೈತ ಬಾರುಕೋಲಿನಿಂದ ಹೊಡೆಯುತ್ತಲೇ ಇದ್ದಾನೆ. ನಿನಗೆ ಸಾವಿರಾರು ಮಕ್ಕಳಿರುವಾಗ ಒಂದಕ್ಕಾಗಿ ಇಷ್ಟು ಅಳುವೆಯಾ ಎಂದು ಇಂದ್ರ ಕೇಳುತ್ತಾನೆ. ಎಲ್ಲರೂ ನನಗೆ ಸಮಾನ, ಆದರೆ ಬಡಕಲಾದವನ ಮೇಲೆ ಕರುಳು ಹೆಚ್ಚು ಹರಿಯುತ್ತದೆ ಎನ್ನುತ್ತಾಳೆ ಸುರಭಿ. ಇಂದ್ರ ಕೂಡಲೇ ಜೋರು ಮಳೆ ಸುರಿಸಿ ಉಳುಮೆ ನಿಲ್ಲಿಸುತ್ತಾನೆ.

ಎತ್ತಿನ ಬೆನ್ನಿನ ಬಾಸುಂಡೆಯನ್ನು ಕಂಡವರು ಮಾತ್ರ ಕಟ್ಟಬಲ್ಲ ಕಥೆ ಇದು. ಮಳೆ ಬಂದು ಉಳುಮೆ ನಿಂತಾಗ ನೊಗ ಬಿಚ್ಚುವ ಆ ಹೊತ್ತಿಗೆ ಇಷ್ಟು ದೊಡ್ಡ ಕಾರಣ ಕೊಟ್ಟವರ ಬಗ್ಗೆ ನನಗೆ ಅಪಾರ ಗೌರವ.

ಇನ್ನೆರಡು ಪ್ರಸಂಗಗಳೂ ಇವೆ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನಿಗೆ ಗುರು 400 ಬಡಕಲು ಹಸುಗಳನ್ನು ಒಪ್ಪಿಸುತ್ತಾನೆ. ಸಾವಿರವಾಗದೆ ಮರಳುವುದಿಲ್ಲ ಎಂದು ಹುಡುಗ ಕಾಡಿಗೆ ಹೊಡೆದುಕೊಂಡು ಹೋಗುತ್ತಾನೆ. ಸಾವಿರ ತುಂಬಿದ ದಿನ ಬ್ರಹ್ಮದ ಮೊದಲ ಪಾದವನ್ನು ಅವನಿಗೆ ಉಪದೇಶಿಸುವುದು ಹಿಂಡಿನ ಹೋರಿ. ವಿರಾಟಪರ್ವದ ಸಹದೇವ ಗೋಪಾಲಕನ ವೇಷದಲ್ಲಿ ಅರಮನೆಗೆ ಬಂದು ತನ್ನ ವಿದ್ಯೆಯನ್ನು ವಿವರಿಸುವ ಭಾಗವನ್ನೂ ನೋಡಿ. ಹಸುಗಳ ಎಣಿಕೆ, ರೋಗ, ಒಳ್ಳೆಯ ಹೋರಿಯ ಲಕ್ಷಣಗಳನ್ನು ಅವನು ಹೇಳುವಾಗ ರಾಜಕುಮಾರನ ಬಾಯಲ್ಲಿ ಕಸುಬುದಾರನ ಮಾತು ಕೇಳಿಸುತ್ತದೆ.

ಹಸು ಹುತ್ತಕ್ಕೆ ಹಾಲು ಸುರಿಸಿತು ಎಂಬ ಕಥೆ ಇಷ್ಟು ದೇವಸ್ಥಾನಗಳಲ್ಲಿ ಏಕಿದೆ?

ಎಲ್ಲರಿಗೂ ಗೊತ್ತಿರುವುದು ತಿರುಪತಿಯದು. ಹುತ್ತದೊಳಗಿದ್ದ ಶ್ರೀನಿವಾಸನಿಗೆ ಹಸು ದಿನವೂ ಹಾಲು ಕರೆಯುತ್ತದೆ, ಮನೆಯಲ್ಲಿ ಹಾಲಿಲ್ಲ. ಸಿಟ್ಟಾದ ದನಗಾಹಿ ಹಸುವಿಗೆ ಎತ್ತಿದ ಕೊಡಲಿಯ ಏಟು ದೇವರ ತಲೆಗೆ ಬೀಳುತ್ತದೆ. ನಮ್ಮ ಎಷ್ಟೋ ಊರುಗಳ ಸ್ಥಳಪುರಾಣಗಳೂ ಇದೇ ದಾರಿ ಹಿಡಿಯುತ್ತವೆ: ಕಪಿಲೆ ಹಸು, ಹುತ್ತ, ಅನುಮಾನಪಟ್ಟ ಯಜಮಾನ, ಹಿಂಬಾಲಿಸಿದ ದನ ಕಾಯುವವನು. ಹುತ್ತದ ಮಣ್ಣಿನಡಿ ದೇವರಿರುವುದು ಮೊದಲು ಹಸುವಿಗೆ ತಿಳಿಯುತ್ತದೆ, ಆಮೇಲೆ ಹಸುವಿನ ಹಿಂದೆ ನಡೆದವನಿಗೆ, ಗುಡಿ ಕಟ್ಟಿಸಿದ ಅರಸನಿಗೆ ಎಲ್ಲರಿಗಿಂತ ಕೊನೆಗೆ.

ವೀರಗಲ್ಲುಗಳಲ್ಲಿ ಹಸುಗಳ ಸಾಲು ಏಕೆ?

ಅದು ತುರುಗೋಳಿನಲ್ಲಿ ಮಡಿದವನ ಕಲ್ಲು. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಪಕ್ಕದ ಸೀಮೆಯವರು ನುಗ್ಗಿ ಹಿಂಡನ್ನು ಹೊಡೆದುಕೊಂಡು ಹೋಗುವುದು ಯುದ್ಧದ ಒಂದು ಬಗೆಯಾಗಿತ್ತು. ಬೆನ್ನಟ್ಟಿ ಹೋಗಿ ತುರುಗಳನ್ನು ಮರಳಿಸಿ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಬಿಲ್ಲು ಎಳೆದ ವೀರ, ಎದುರು ಶತ್ರುಗಳು, ಒಂದು ಮಗ್ಗುಲಲ್ಲಿ ಒತ್ತೊತ್ತಾಗಿ ಕೊರೆದ ಹಸುಗಳು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕುಳಿತಿರುತ್ತಾನೆ, ಅತ್ತಿತ್ತ ಸೂರ್ಯ ಚಂದ್ರರು. ಇದು ಸಾಮಾನ್ಯ ರೂಪ, ಪಟ್ಟಿಗಳ ಸಂಖ್ಯೆ ಹೆಚ್ಚು ಕಡಿಮೆ ಇರಬಹುದು. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ ಎಂಬರ್ಥದ ಸಂಸ್ಕೃತ ಶ್ಲೋಕ ಹಲವು ಕಲ್ಲುಗಳ ಮೇಲಿದೆ.

ತಮಿಳಿನ ಸಂಗಂ ಕಾವ್ಯದಲ್ಲೂ ತುರು ಹಿಡಿಯುವುದಕ್ಕೆ ವೆಟ್ಚಿ, ಬಿಡಿಸಿಕೊಳ್ಳುವುದಕ್ಕೆ ಕರಂದೈ ಎಂದು ಬೇರೆ ಬೇರೆ ಕಾವ್ಯವಸ್ತುಗಳೇ ಇವೆ. ವಿರಾಟನ ಊರಿನ ದಕ್ಷಿಣ ಗೋಗ್ರಹಣ, ಉತ್ತರ ಗೋಗ್ರಹಣಗಳನ್ನು ಈ ಕಲ್ಲುಗಳ ಪಕ್ಕದಲ್ಲಿಟ್ಟು ನೋಡಬೇಕು. ಕುಮಾರವ್ಯಾಸನ ಉತ್ತರಕುಮಾರನ ಪೌರುಷಕ್ಕೆ ನಕ್ಕ ನಮ್ಮ ಹಳ್ಳಿಗರು, ತಮ್ಮೂರಿನಲ್ಲೂ ಹಿಂಡು ಹೋಗಿದ್ದ ನೆನಪನ್ನು ಕಲ್ಲಿನ ರೂಪದಲ್ಲಿ ದಿನವೂ ಕಾಣುತ್ತಿದ್ದರು. ಮಳೆ ಹೋದಾಗ ವಿರಾಟಪರ್ವ ಓದಿಸುವ ರೂಢಿ ನಮ್ಮ ಊರುಗಳಲ್ಲಿ ಇವತ್ತಿಗೂ ಇದೆ.

ಜುಂಜಪ್ಪ ಯಾರು? ದೇವರ ಎತ್ತುಗಳೆಂದರೇನು?

ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಬಯಲು ಸೀಮೆಯಲ್ಲಿ, ಅದರಲ್ಲೂ ಶಿರಾ, ಹಿರಿಯೂರಿನ ಕಡೆ, ಅವನ ಕಾವ್ಯವನ್ನು ಹಾಡುವವರಿದ್ದಾರೆ. ಹಾಡಿಗೆ ಜೊತೆಯಾಗುವುದು ಗಣೆ, ಅಂದರೆ ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪನ ಬದುಕೆಲ್ಲ ದನಗಳ ನಡುವೆ: ಹುಲ್ಲು ನೀರು ಅರಸಿ ಹಿಂಡು ಹೊಡೆದುಕೊಂಡು ಹೋಗುವುದು, ರೋಗದಿಂದ, ಕಳ್ಳರಿಂದ, ಸೋದರಮಾವಂದಿರ ಹಗೆಯಿಂದ ಅವನ್ನು ಕಾಯುವುದು. ಬಡಮೈಲ ಎಂಬ ಹೋರಿ ಅವನಿಗೆ ಒಡಹುಟ್ಟಿದವನಿದ್ದಂತೆ. ಕಾವ್ಯವನ್ನು ಗಣೆಯ ದನಿಯೊಂದಿಗೆ ಒಮ್ಮೆಯಾದರೂ ಕೇಳಿ. ಅಚ್ಚಿನಲ್ಲಿ ಓದಿದರೆ ಅರ್ಧವಷ್ಟೇ ದಕ್ಕುತ್ತದೆ.

ದೇವರ ಎತ್ತುಗಳನ್ನು ನೋಡಬೇಕಾದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋಗಬೇಕು. ಮ್ಯಾಸಬೇಡರು ತಮ್ಮ ದೇವರುಗಳ ಹೆಸರಿನಲ್ಲಿ ಹಿಂಡುಗಳನ್ನು ಸಾಕುತ್ತಾರೆ, ಕಾಡುಗೊಲ್ಲರಲ್ಲೂ ಈ ಪದ್ಧತಿ ಇದೆ. ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ವಿಧಿಯಂತೆ ಮಣ್ಣು ಮಾಡುತ್ತಾರೆ. ಕಾಯುವವನು ಕಿಲಾರಿ. ವರ್ಷವಿಡೀ ಹಿಂಡಿನ ಜೊತೆಗೇ ಇರುವ ಅವನಿಗೆ ಊಟ, ಮಡಿ, ಓಡಾಟ ಎಲ್ಲಕ್ಕೂ ಕಟ್ಟುಪಾಡುಗಳಿವೆ. ಬರ ಬಂದಾಗ ಮೇವಿಗಾಗಿ ಇವರು ಪಡುವ ಪಾಡು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಪುರಾಣವೊಂದು ಈ ಹೊತ್ತಿನಲ್ಲೂ ಹುಲ್ಲು ಕೇಳುತ್ತ ನಿಂತಿರುವುದನ್ನು ಅಲ್ಲಿ ಕಾಣಬಹುದು. ಗೋವಿನ ಬಗ್ಗೆ ಭಾಷಣ ಮಾಡುವವರೆಲ್ಲ ಒಮ್ಮೆ ಹೋಗಿ ಕಿಲಾರಿಯ ಜೊತೆ ಒಂದು ಹಗಲು ನಡೆಯಲಿ ಎಂದು ನನ್ನ ಆಸೆ.

ಅಮೃತ ಮಹಲ್ ತಳಿಯ ಸಾಹಸಗಳು ದಂತಕಥೆಯೇ?

ಹೆಚ್ಚಿನದು ಇತಿಹಾಸ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಸರ ದನಗಳನ್ನು ನೋಡಿಕೊಳ್ಳುವ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಸೈನ್ಯದ ತೋಪು, ಸಾಮಾನು ಎಳೆದವು ಈ ಎತ್ತುಗಳೇ. ಅಜ್ಜಂಪುರದಲ್ಲಿ ಇಂದಿಗೂ ಈ ತಳಿಯ ಸಂವರ್ಧನಾ ಕೇಂದ್ರವಿದೆ.

ಬಸವಣ್ಣನವರ ಹಸುಗಳನ್ನು ಕಳ್ಳರು ಕದ್ದ ಕಥೆ ನಿಜವಾಗಿಯೂ ಇದೆಯೇ?

ಇದೆ. ಕಳ್ಳರು ಕರೆಯುವ ಹಸುಗಳನ್ನು ಹೊಡೆದುಕೊಂಡು ಹೋದಾಗ, ಕರುಗಳು ಕೊಟ್ಟಿಗೆಯಲ್ಲಿ ಅಂಬಾ ಎನ್ನುತ್ತಿವೆ, ಅವನ್ನೂ ಅವರಿಗೆ ಮುಟ್ಟಿಸಿ ಎಂದರಂತೆ ಬಸವಣ್ಣ. ಇದು ಪರಂಪರೆಯ ಕಥೆ. ಆಕಳನ್ನು ಕಳ್ಳರು ಕೊಂಡೊಯ್ದರೆಂದು ಬೊಬ್ಬಿಡಬೇಡಿ, ಅಲ್ಲಿ ಉಂಡರೂ ಸಂಗ, ಇಲ್ಲಿ ಉಂಡರೂ ಸಂಗ ಎಂಬ ಭಾವದ ವಚನವೂ ಅವರದಿದೆ. ಆಸ್ತಿ ಹೋಯಿತೆಂಬ ಚಿಂತೆಗಿಂತ ಮೊದಲು ಕರುವಿನ ಹಸಿವು ಕಿವಿಗೆ ಬೀಳುವುದಿದೆಯಲ್ಲ, ಅದರ ಮುಂದೆ ಹತ್ತು ಪೂಜೆಗಳು ನಿಲ್ಲಲಾರವು.

ಬಸವ ಜಯಂತಿಯಂದು ಉತ್ತರ ಕರ್ನಾಟಕದ ರೈತರು ಎತ್ತುಗಳಿಗೆ ಮೈ ತೊಳೆದು, ಜೂಲು ಹೊದಿಸಿ ಮೆರವಣಿಗೆ ಮಾಡುತ್ತಾರೆ. ಅವರಿಗೆ ಕೊಟ್ಟಿಗೆಯ ಎತ್ತೂ ಬಸವಣ್ಣನೇ.

ದನಗಳಿಗೆಂದೇ ಇರುವ ಹಬ್ಬಗಳು ಯಾವುವು?

ಸೀಮೆಗೊಂದು. ಹಳೇ ಮೈಸೂರಿನ ಕಡೆ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುತ್ತಾರೆ. ಮಲೆನಾಡಿನಲ್ಲಿ ದೀಪಾವಳಿಯ ಪಾಡ್ಯದಂದು ಗೋಪೂಜೆ, ಕೊರಳಿಗೆ ಚೆಂಡು ಹೂ, ಅಡಿಕೆಯ ಸರ. ಉತ್ತರ ಕರ್ನಾಟಕಕ್ಕೆ ಜ್ಯೇಷ್ಠ ಮಾಸದ ಕಾರಹುಣ್ಣಿಮೆ ದೊಡ್ಡದು. ಕೊಂಬಿಗೆ ಬಣ್ಣ ಬಳಿದು, ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕೆಂದೆತ್ತು ಬಂದರೆ ಮುಂಗಾರಿ ಬೆಳೆ ಚೆನ್ನಾಗಿ ಆಗುತ್ತದೆಂಬ ನಂಬಿಕೆ. ಅದರ ಮುಂದಿನ ಅಮಾವಾಸ್ಯೆ ಮಣ್ಣೆತ್ತಿನದು. ಕರಿಮಣ್ಣಿನಲ್ಲಿ ಜೋಡಿ ಎತ್ತು ಮಾಡಿ, ಮುಂದೆ ಒಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇಟ್ಟು ಪೂಜಿಸುತ್ತಾರೆ. ಸ್ವಂತ ಎತ್ತಿಲ್ಲದ ಮನೆಯಲ್ಲೂ ಆ ದಿನ ಎತ್ತುಗಳಿರುತ್ತವೆ ಎಂಬ ಕಾರಣಕ್ಕೆ ಇದು ನನಗೆ ಅಚ್ಚುಮೆಚ್ಚು.

ಹಾವೇರಿ, ಶಿಕಾರಿಪುರ ಕಡೆ ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬ. ಒಣ ಕೊಬ್ಬರಿಯ ಸರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಹುಡುಗರು ಸರ ಹರಿಯಲು ನೋಡುತ್ತಾರೆ. ಹೆಸರಾಂತ ಹೋರಿಗಳಿಗೆ ಅಭಿಮಾನಿ ಬಳಗಗಳಿವೆ. ಸತ್ತಾಗ ಮನೆಯವರನ್ನು ಕಳೆದುಕೊಂಡಂತೆ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ.

ಎಮ್ಮೆಗೆ ಏಕೆ ಇಷ್ಟು ಕಥೆಗಳಿಲ್ಲ?

ಇವೆ, ಆದರೆ ಹಸುವಿಗೆ ಸಿಕ್ಕ ಮೆಚ್ಚುಗೆ ಸಿಕ್ಕಿಲ್ಲ. ಪುರಾಣ ಕೋಣವನ್ನು ಮಹಿಷಾಸುರನಾಗಿಯೂ ಯಮನ ವಾಹನವಾಗಿಯೂ ಕಂಡಿತು. ಮಾರಿಹಬ್ಬಗಳು ಅದನ್ನು ಬಲಿಗೆ ಕರೆದವು. ಗಾದೆಯಲ್ಲೂ ಎತ್ತಿಗೆ ಜ್ವರ ಬಂದರೆ ಬರೆ ಬೀಳುವುದು ಎಮ್ಮೆಗೇ. ಈ ಅನ್ಯಾಯಕ್ಕೆ ಉತ್ತರ ನೀಲಗಿರಿಯ ತೋಡ ಬುಡಕಟ್ಟಿನವರಲ್ಲಿದೆ. ಅವರ ಸೃಷ್ಟಿಕಥೆಯಲ್ಲಿ ಆನ್ ಎಂಬ ದೇವರು ನೆಲದಿಂದ ಎಮ್ಮೆಗಳನ್ನು ಹೊರತರುತ್ತಾನೆ. ಕೊನೆಯ ಎಮ್ಮೆಯ ಬಾಲ ಹಿಡಿದುಕೊಂಡು ಮೊದಲ ತೋಡ ಮನುಷ್ಯ ಹೊರಬರುತ್ತಾನೆ. ಅವರ ಗುಡಿಗಳೇ ಹಾಲು ಕಡೆಯುವ ಮನೆಗಳು. ತುಳುನಾಡಿನ ಕಂಬಳದ ಕೋಣಗಳನ್ನು ಸಾಕುವ ಮನೆಗಳಲ್ಲೂ ಈ ಅಕ್ಕರೆಯನ್ನು ಕಾಣಬಹುದು.

ಆಧುನಿಕ ಕಥೆ ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದಲಿ?

ಶಿವರಾಮ ಕಾರಂತರ ಚೋಮನ ದುಡಿ, 1933. ಚೋಮನಿಗೆ ಎರಡು ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯನಾದ ಅವನು ಸ್ವಂತ ಬೇಸಾಯ ಮಾಡುವುದನ್ನು ಜಾತಿ ಒಪ್ಪುವುದಿಲ್ಲ. ಕೊಟ್ಟಿಗೆಯಲ್ಲಿ ನಿಂತ ಎತ್ತುಗಳು ಅವನ ಆಸೆಯೇ ಮೈತಾಳಿ ನಿಂತದ್ದು. ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಎತ್ತನ್ನು ಪ್ರೀತಿಸುವ ಹಕ್ಕು ಯಾರಿಗಿದೆ ಎಂದು ಕೇಳಿದ ಕನ್ನಡದ ಕೃತಿ ಇದು.

ಅದರ ಜೊತೆಗೆ ಶರತ್‌ಚಂದ್ರರ ಮಹೇಶ್ ಎಂಬ ಬಂಗಾಳಿ ಕಥೆ ಓದಿ. ಗಫೂರ್ ಬಡ ನೇಕಾರ, ಮಹೇಶ್ ಅವನ ಮುದಿ ಎತ್ತು. ಬರಗಾಲ. ಗೋವನ್ನು ಪೂಜಿಸುವ ಊರಿನ ಬ್ರಾಹ್ಮಣ ಒಂದು ಹಿಡಿ ಹುಲ್ಲು ಕೊಡುವುದಿಲ್ಲ, ಗೋಮಾಳವನ್ನು ಜಮೀನ್ದಾರ ದುಡ್ಡಿನಾಸೆಗೆ ಗುತ್ತಿಗೆಗೆ ಕೊಟ್ಟಿದ್ದಾನೆ. ಗಫೂರ್ ತನ್ನ ಗುಡಿಸಿಲ ಮಾಡಿನ ಹುಲ್ಲನ್ನೇ ಎಳೆದು ಹಾಕುತ್ತಾನೆ. ಮಗಳು ಅಮೀನಾ ಕಷ್ಟಪಟ್ಟು ತಂದ ಕೊಡ ಉರುಳಿ, ಚೆಲ್ಲಿದ ನೀರನ್ನು ಮಹೇಶ್ ನೆಲದಿಂದ ಹೀರುತ್ತಿರುವಾಗ, ಗಫೂರ್ ಬುದ್ಧಿ ತಪ್ಪಿ ನೇಗಿಲ ತುಂಡಿನಿಂದ ಹೊಡೆಯುತ್ತಾನೆ. ಎತ್ತು ಸಾಯುತ್ತದೆ. ಆ ರಾತ್ರಿಯೇ ಅವನು ಮಗಳ ಕೈಹಿಡಿದು ಸೆಣಬಿನ ಗಿರಣಿಗೆ ಹೊರಡುತ್ತಾನೆ. ಯಾವತ್ತೂ ಹೋಗಲೊಲ್ಲೆ ಎಂದಿದ್ದ ಜಾಗ ಅದು. ಹುಲ್ಲು ನೀರು ಕೊಡದವರನ್ನು ಕ್ಷಮಿಸಬೇಡ ಎಂದು ದಾರಿಯಲ್ಲಿ ಅಲ್ಲಾಹನನ್ನು ಬೇಡುತ್ತಾನೆ. ಮೇಯಿಸಿದವನೇ ಕೊಂದ, ಆದರೂ ಆ ಎತ್ತಿಗಾಗಿ ಅತ್ತವನು ಅವನೇ.

ಪ್ರೇಮಚಂದರ ಗೋದಾನ (1936) ಒಂದು ಹಸುವಿನ ಆಸೆಯಲ್ಲಿ ಸವೆದುಹೋದ ಹೋರಿ ಎಂಬ ರೈತನ ಕಥೆ. ಭೈರಪ್ಪನವರ ತಬ್ಬಲಿಯು ನೀನಾದೆ ಮಗನೆ (1968) ಗೋವಿನ ಹಾಡನ್ನು ಹೊಸ ಕಾಲದ ಎದುರು ನಿಲ್ಲಿಸುತ್ತದೆ. ಅದರ ನಿಲುವನ್ನು ಒಪ್ಪದವರೂ ಓದಿ ಚರ್ಚಿಸುವಂಥದ್ದು.

ಹೊರದೇಶಗಳಲ್ಲಿ?

ನಾರ್ಸ್ ಪುರಾಣದಲ್ಲಿ ಔಧುಮ್ಲಾ ಎಂಬ ಹಸು ಉಪ್ಪಿನ ಹಿಮವನ್ನು ನೆಕ್ಕುತ್ತ ನೆಕ್ಕುತ್ತ ದೇವತೆಗಳ ಮೂಲಪುರುಷನನ್ನು ಹೊರತೆಗೆಯುತ್ತದೆ. ಐರ್ಲೆಂಡಿನ ಪ್ರಾಚೀನ ವೀರಕಥೆ ಒಂದು ಹೋರಿಗಾಗಿ ನಡೆದ ದಂಡಯಾತ್ರೆ, ನಮ್ಮ ತುರುಗೋಳಿನ ನೆಂಟ. ದಕ್ಷಿಣ ಸುಡಾನಿನ ದಿಂಕಾ ಯುವಕರು ತಮ್ಮ ಎತ್ತಿನ ಬಣ್ಣದ ಮೇಲೆ ಹಾಡು ಕಟ್ಟಿ, ಅದರ ಹೆಸರಿನಿಂದಲೇ ತಾವೂ ಕರೆಯಿಸಿಕೊಳ್ಳುತ್ತಾರೆ.

ಇದೆಲ್ಲ ಅತಿಯಾದ ಭಾವುಕತೆಯಲ್ಲವೇ? ಎತ್ತಿಗೆ ಹೊಡೆಯುವವರೂ ಮುದಿಯಾದಾಗ ಮಾರುವವರೂ ಇದೇ ರೈತರು.

ಹೌದು, ಇದೇ ರೈತರು. ಅದನ್ನು ಈ ಕಥೆಗಳು ಮುಚ್ಚಿಟ್ಟಿಲ್ಲ. ಸುರಭಿ ಅತ್ತದ್ದು ಬಾರುಕೋಲನ್ನು ಕಂಡು. ಗಫೂರನ ಕೈಯಲ್ಲಿದ್ದದ್ದು ನೇಗಿಲ ತುಂಡು. ಬಡತನ, ಬರ, ಸಾಲ ಇವುಗಳ ನಡುವೆ ದನದ ಜೊತೆ ಬದುಕಿದವರು ತಮ್ಮ ಪ್ರೀತಿಯನ್ನೂ ತಪ್ಪನ್ನೂ ಒಂದೇ ಕಥೆಯಲ್ಲಿ ಹೇಳಿಕೊಂಡರು. ಕೊಟ್ಟಿಗೆ ಕಂಡಿರದವರು ಅವರಿಗೆ ತೀರ್ಪು ಕೊಡುವುದು ಸುಲಭ, ನಾನು ಕೊಡಲಾರೆ.

ನಮ್ಮ ಮನೆಯಲ್ಲಿ ಈಗ ದನಗಳಿಲ್ಲ. ಹಿರಿಯರಿಂದ ಏನನ್ನು ಕೇಳಿ ಬರೆದಿಟ್ಟುಕೊಳ್ಳಬೇಕು?

ಮೊದಲು ಹೆಸರುಗಳನ್ನು ಕೇಳಿ. ಕೊಟ್ಟಿಗೆಯಲ್ಲಿದ್ದ ಪ್ರತಿ ಹಸು, ಎತ್ತು, ಎಮ್ಮೆಯ ಹೆಸರು, ಬಣ್ಣ, ಸುಳಿ, ಕೊಂಬಿನ ಆಕಾರ. ಆಮೇಲೆ ಕರೆಯುವ ದನಿ: ಸಂಜೆ ಹಟ್ಟಿಗೆ ಕರೆಯುವುದು ಹೇಗೆ, ಹಾಲು ಕರೆಯುವಾಗ ಏನು ಹೇಳುತ್ತಿದ್ದರು, ಉಳುವಾಗ ಎಡಕ್ಕೆ ಬಲಕ್ಕೆ ತಿರುಗಿಸಲು ಯಾವ ಸದ್ದು ಮಾಡುತ್ತಿದ್ದರು. ಇವನ್ನು ಬರೆದರೆ ಸಾಲದು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮೊದಲ ಹಾಲನ್ನು ಯಾವ ದೇವರಿಗೆ ಬಿಡುತ್ತಿದ್ದರು, ಗಿಣ್ಣವನ್ನು ಯಾರ ಮನೆಗಳಿಗೆ ಹಂಚುತ್ತಿದ್ದರು, ಕರು ಸತ್ತಾಗ ಹಸು ಹಾಲು ಬಿಡಲು ಏನು ಮಾಡುತ್ತಿದ್ದರು, ಕೊನೆಯ ಜೋಡಿ ಎತ್ತು ಯಾವಾಗ ಯಾರ ಪಾಲಾಯಿತು. ದನ ಕಾಯಲು ಹೋಗುತ್ತಿದ್ದವರು ಯಾರೆಂದೂ ಕೇಳಿ. ಮನೆಯ ಮಕ್ಕಳಿರಬಹುದು, ಕೂಲಿಗೆ ಬಂದ ಹುಡುಗನಿರಬಹುದು. ಅವರು ಬದುಕಿದ್ದರೆ ಮನೆಯ ಯಜಮಾನರಿಗಿಂತ ಮೊದಲು ಅವರ ಹತ್ತಿರ ಹೋಗಿ.